ಬೈಬಲ್ ಒಂದೇ ಆದರೂ ಕೆಲವು ಕ್ರೈಸ್ತ ಸಭೆಗಳಲ್ಲಿ (ಪಂಗಡಗಳಲ್ಲಿ) ಮಾತ್ರ ಹೆಂಗಸರು ಪಾದ್ರಿಗಳಾಗುವುದು ಯಾಕೆ?

ಬೈಬಲಿನ ಯಾವ ಮಾತು ಎಲ್ಲ ಕಾಲಕ್ಕೂ ನಿಯಮ, ಯಾವುದು ಆ ಊರಿನ ಆ ಹೊತ್ತಿನ ಸಮಸ್ಯೆಗೆ ಬರೆದದ್ದು ಎಂಬುದರಲ್ಲಿ ಸಭೆಗಳಿಗೆ ಒಮ್ಮತವಿಲ್ಲ. ಜಗಳದ ಬೇರು ಹೆಚ್ಚಾಗಿ ಇಲ್ಲೇ ಇದೆ.

ಕ್ರೈಸ್ತ ಧರ್ಮದ ಮೊದಮೊದಲ ಪ್ರಚಾರಕ ಪೌಲನ ಹೆಸರಿನಲ್ಲಿ ಬೈಬಲಿನಲ್ಲಿರುವ ಪತ್ರಗಳನ್ನೇ ನೋಡಿ. ಗಲಾತ್ಯದವರಿಗೆ ಬರೆದ ಪತ್ರ (3:28) ಕ್ರಿಸ್ತನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ ಅನ್ನುತ್ತದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರ (2:12) ಹೆಂಗಸು ಉಪದೇಶ ಮಾಡಬಾರದು ಅನ್ನುತ್ತದೆ. ಸ್ತ್ರೀವಾದಿ ಕ್ರೈಸ್ತರಿಗೆ ಮೊದಲನೆಯದು ಮೂಲ ತತ್ವ, ಎರಡನೆಯದು ಆ ಸಂದರ್ಭದ ಸೂಚನೆ. ಸಂಪ್ರದಾಯವಾದಿಗಳು ಇದನ್ನು ಒಪ್ಪುವುದಿಲ್ಲ. ಗಂಡು ಹೆಣ್ಣು ಇಬ್ಬರ ಬೆಲೆ ಒಂದೇ, ಕೆಲಸ ಬೇರೆ ಅನ್ನುತ್ತಾರೆ. ಅವರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ: ತಿಮೊಥೆಯನ ಪತ್ರದ ಮುಂದಿನ ವಚನವೇ ಆದಾಮ ಮೊದಲು ಸೃಷ್ಟಿಯಾದ ಎಂಬ ಕಾರಣ ಕೊಡುತ್ತದೆ. ಅದು ಒಂದು ಊರಿನ ಕಾರಣ ಅಲ್ಲ, ಅಲ್ವಾ?

ಆದರೆ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ (11ನೇ ಅಧ್ಯಾಯ) ಹೆಂಗಸರು ತಲೆ ಮುಚ್ಚಿಕೊಂಡು ಪ್ರಾರ್ಥಿಸಬೇಕು ಎನ್ನುವಾಗಲೂ ಸೃಷ್ಟಿಯದೇ ಕಾರಣ ಬರುತ್ತದೆ. ಆ ಮುಸುಕನ್ನು ಬಹಳ ಸಭೆಗಳು ಬಿಟ್ಟಾಗಿದೆ. ಹಾಗಾದರೆ ಉಪದೇಶದ ನಿಯಮ ಮಾತ್ರ ಯಾಕೆ ಉಳಿಯಬೇಕು? ನನಗೆ ಇದು ಜಾಸ್ತಿ ತೂಕದ ಪ್ರಶ್ನೆ ಅನಿಸುತ್ತದೆ.

ಕೆಥೊಲಿಕ್ ಸಭೆಯ ಮುಖ್ಯ ಕಾರಣ ಬೇರೆ. ಯೇಸು ಆರಿಸಿದ ಹನ್ನೆರಡು ಮಂದಿ ಗಂಡಸರು, ಅದನ್ನು ಬದಲಿಸುವ ಅಧಿಕಾರ ಸಭೆಗಿಲ್ಲ ಎಂದು ಪೋಪ್ ಎರಡನೇ ಜಾನ್ ಪಾಲ್ 1994ರಲ್ಲಿ ಹೇಳಿದರು. ಅದೇ ವರ್ಷ ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಮೊದಲ ಸಲ ಹೆಂಗಸರಿಗೆ ಗುರುದೀಕ್ಷೆ (ಪಾದ್ರಿ ಪಟ್ಟ) ಕೊಟ್ಟಿತು.