ಮರೆವು ಯಾವಾಗ ಕಾಯಿಲೆಯ ಸೂಚನೆ?

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ಆರು ತಿಂಗಳಿಂದ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಮೊನ್ನೆ ಅವರ ಕನ್ನಡಕ ಫ್ರಿಜ್ಜಿನೊಳಗೆ ಸಿಕ್ಕಿತು. ಇದು ವಯಸ್ಸಿನ ಮರೆವೇ ಅಥವಾ ನೆನಪು, ಯೋಚನಾಶಕ್ತಿಯನ್ನು ಕುಗ್ಗಿಸುವ ಡಿಮೆನ್ಶಿಯಾ ಕಾಯಿಲೆಯೇ?

ಉತ್ತರ: ಕನ್ನಡಕ ಎಲ್ಲಿಟ್ಟೆನೆಂದು ಮರೆತು, ಸ್ವಲ್ಪ ಯೋಚಿಸಿ ಹುಡುಕಿಕೊಳ್ಳುವುದು ವಯೋಸಹಜ. ಆದರೆ ಇಡಬಾರದ ಜಾಗದಲ್ಲಿ ಇಟ್ಟು, ಇಟ್ಟದ್ದೇ ನೆನಪಿಗೆ ಬಾರದಿರುವುದು, ಹತ್ತು ನಿಮಿಷದ ಹಿಂದೆ ಉತ್ತರ ಪಡೆದ ಪ್ರಶ್ನೆಯನ್ನೇ ಹೊಸದೆಂಬಂತೆ ಕೇಳುವುದು, ವರ್ಷಗಳಿಂದ ಮಾಡಿಕೊಂಡು ಬಂದ ಅಡುಗೆಯ ಕ್ರಮ ತಪ್ಪುವುದು, ‘ಲೋಟ’ ಎಂಬ ಪದ ಸಿಗದೆ ‘ನೀರು ಕುಡಿಯುವುದು’ ಎಂದು ತಡವರಿಸುವುದು, ಇವನ್ನು ಖಂಡಿತ ಗಮನಿಸಬೇಕು. ಕೆಲವರಲ್ಲಿ ಮರೆವಿಗೂ ಮೊದಲೇ ಸ್ವಭಾವ ಬದಲಾಗುತ್ತದೆ. ಅದನ್ನು ಹಠವೆಂದು ಭಾವಿಸಿ ಮನೆಯವರು ಗದರಿಸುವುದನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ.

ಆದರೂ ನೀವಾಗಿಯೇ ತೀರ್ಮಾನಕ್ಕೆ ಬರಬೇಡಿ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಸಮಸ್ಯೆ, ಖಿನ್ನತೆ, ಕೆಲವು ನಿದ್ರೆ ಮಾತ್ರೆಗಳು ಸಹ ಇಂಥದೇ ಲಕ್ಷಣಗಳನ್ನು ತೋರಿಸುತ್ತವೆ, ಮತ್ತು ಇವುಗಳಲ್ಲಿ ಹಲವು ಚಿಕಿತ್ಸೆಯಿಂದ ಸುಧಾರಿಸುತ್ತವೆ. ನೀವು ಕಂಡ ಘಟನೆಗಳನ್ನು ದಿನಾಂಕಸಹಿತ ಬರೆದಿಟ್ಟುಕೊಂಡು, ಅವರು ಸೇವಿಸುವ ಎಲ್ಲ ಮಾತ್ರೆಗಳೊಂದಿಗೆ ನರರೋಗ ತಜ್ಞರ ಬಳಿಗೆ ಜೊತೆಯಲ್ಲೇ ಹೋಗಿ. ಗೊಂದಲವು ಒಂದೆರಡು ದಿನಗಳಲ್ಲಿ ದಿಢೀರನೆ ಹೆಚ್ಚಿದರೆ ಮಾತ್ರ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.