ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ನೀವು ಗೋಕಾಕದಿಂದ ಕೇಳಿದ್ದೀರಿ: ಲಕ್ಷದ್ವೀಪದ ಅಗತ್ತಿ ನೋಡಿಕೊಂಡು, ಅಲ್ಲಿಂದಲೇ ಅಂಡಮಾನ್‌ಗೆ ಹಾರಬಹುದಾ ಅಂತ. ಬೆಳಗಾವಿಯಲ್ಲಿ ಟಿಕೆಟ್ ಮಾಡಿಕೊಡುವುದೇ ನನ್ನ ಕೆಲಸ, ಹಾಗಾಗಿ ಬರೆಯುತ್ತಿದ್ದೇನೆ.

ನೇರವಾಗಿ ಅಳೆದರೆ ಸುಮಾರು 2,250 ಕಿ.ಮೀ. ದೊಡ್ಡ ಜೆಟ್ ವಿಮಾನಕ್ಕೆ ಮೂರು ತಾಸಿನ ದಾರಿ. ಆದರೆ ಹಾಗೆ ಹೋಗುವ ವಿಮಾನವೇ ಇಲ್ಲ. ಅಗತ್ತಿಯ ರನ್‌ವೇ ಒಂದೂಕಾಲು ಕಿ.ಮೀ. ಆಸುಪಾಸು, ಅಷ್ಟೇ. ಎರಡೂ ಕಡೆ ಸಮುದ್ರ. ಅಲ್ಲಿ ಇಳಿಯುವುದು ಪ್ರೊಪೆಲರ್ ಇರುವ ಎಟಿಆರ್‌ನಂಥ ಸಣ್ಣ ವಿಮಾನ. ಅದು ಜನ ತುಂಬಿಕೊಂಡು ಇಷ್ಟು ದೂರ ಒಂದೇ ಸಲಕ್ಕೆ ಹೋಗಲಾರದು.

ಹಾಗಾಗಿ ದಾರಿ ಹೀಗೆ: ಅಗತ್ತಿಯಿಂದ ಕೊಚ್ಚಿ ಸುಮಾರು 470 ಕಿ.ಮೀ., ಒಂದೂವರೆ ತಾಸು. ಕೊಚ್ಚಿಯಿಂದ ಚೆನ್ನೈ 520, ಒಂದೂಕಾಲು ತಾಸು. ಚೆನ್ನೈನಿಂದ ಪೋರ್ಟ್ ಬ್ಲೇರ್ 1,370, ಎರಡೂಕಾಲು ತಾಸು. ಕೂಡಿಸಿ ನೋಡ್ರಿ, ನೇರ ದಾರಿಗಿಂತ ನೂರು ಕಿ.ಮೀ. ಚಿಲ್ಲರೆ ಮಾತ್ರ ಜಾಸ್ತಿ! ಆಕಾಶದಲ್ಲಿ ಕಳೆಯುವುದು ಐದು ತಾಸು. ಉಳಿದ ಹೊತ್ತೆಲ್ಲ ವಿಮಾನ ನಿಲ್ದಾಣದಲ್ಲೇ ಹೋಗುತ್ತದೆ. ನಾನಾದರೆ ಕೊಚ್ಚಿಯಲ್ಲೋ ಚೆನ್ನೈನಲ್ಲೋ ಒಂದು ರಾತ್ರಿ ಉಳಿಯುವ ಹಾಗೆಯೇ ಟಿಕೆಟ್ ಮಾಡುತ್ತೇನೆ. ಹವಾಮಾನ ಕೆಟ್ಟು ಅಗತ್ತಿ ವಿಮಾನ ತಡವಾದರೆ, ಬೇರೆ ಕಂಪನಿಯ ಮುಂದಿನ ವಿಮಾನ ನಿಮಗಾಗಿ ಕಾಯುವುದಿಲ್ಲ. ಬೇರೆ ಬೇರೆ ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಆಗಿದ್ದರೆ ದುಡ್ಡೂ ಹೋದಂತೆಯೇ.

ಮಳೆಗಾಲದಲ್ಲಿ ಇನ್ನೊಂದು ಲೆಕ್ಕ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಮಳೆ ತರುವ ಗಾಳಿ ಪಶ್ಚಿಮದಿಂದ ಬರುತ್ತದೆ, ಅಲ್ವಾ? ಜೆಟ್ ಹಾರುವ ಎತ್ತರದಲ್ಲಿ ಅದು ಉಲ್ಟಾ. ಅಲ್ಲಿ ಪೂರ್ವದಿಂದ ಜೋರು ಗಾಳಿ ಬೀಸುತ್ತಿರುತ್ತದೆ. ಆಗ ಅಂಡಮಾನ್‌ಗೆ ಹೋಗುವಾಗ ಎದುರುಗಾಳಿ, ವಾಪಸ್ ಬರುವಾಗ ಹಿಂದಿನಿಂದ ಗಾಳಿ. ಹೋಗುವ ಹೊತ್ತು, ಬರುವ ಹೊತ್ತು ಬೇರೆ ಬೇರೆ ಕಂಡರೆ ಗಾಬರಿ ಬೇಡ.

ಗಡಿಯಾರ ಎರಡೂ ಕಡೆ ಒಂದೇ. ಸೂರ್ಯ ಮಾತ್ರ ಪೋರ್ಟ್ ಬ್ಲೇರ್‌ನಲ್ಲಿ ಸುಮಾರು 80 ನಿಮಿಷ ಮೊದಲೇ ಹುಟ್ಟಿ, ಅಷ್ಟೇ ಬೇಗ ಮುಳುಗುತ್ತಾನೆ. ಅಲ್ಲಿ ಸುತ್ತಾಟ ಬೆಳಿಗ್ಗೆಯೇ ಶುರು ಮಾಡಿ. ಅಂದ ಹಾಗೆ ಆ ಊರಿನ ಹೆಸರು 2024ರಲ್ಲಿ ಶ್ರೀ ವಿಜಯ ಪುರಂ ಅಂತ ಬದಲಾಗಿದೆ. ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ.

ಮನೆಮಂದಿಯನ್ನು ಕರೆದುಕೊಂಡು ಹೋಗುವುದಾದರೆ ಎರಡನ್ನೂ ಒಂದೇ ರಜೆಗೆ ತುರುಕಬೇಡಿ. ಪೋರ್ಟ್ ಬ್ಲೇರ್‌ಗೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹೋಗಿ, ಅಲ್ಲಿಂದ ಹಾರುವುದು ಎಷ್ಟೋ ಸುಲಭ. ಇಲ್ಲ, ಎರಡೂ ಒಟ್ಟಿಗೇ ಆಗಬೇಕು ಅಂದರೆ ಅಗತ್ತಿ ಮೊದಲು ಇಟ್ಟುಕೊಳ್ಳಿ. ಲಕ್ಷದ್ವೀಪಕ್ಕೆ ನಮ್ಮ ದೇಶದವರಿಗೂ ಪರವಾನಗಿ ಬೇಕು. ಅದು ಕೈಗೆ ಬಂದ ಮೇಲೆಯೇ ಉಳಿದ ಟಿಕೆಟ್‌ಗಳಿಗೆ ದುಡ್ಡು ಕಟ್ಟಿ.