ಮ್ಯಾಪಲ್ಲಿ ಬರೀ 'ಅಮೆರಿಕನ್' ಅಂತ ಯಾಕಿದೆ
ಅಮೆರಿಕದಲ್ಲಿ ಎಲ್ಲೆಲ್ಲಿ ಯಾವ ಮೂಲದ ಜನ ಜಾಸ್ತಿ ಅಂತ ತೋರಿಸೋ ಮ್ಯಾಪಲ್ಲಿ ಕೆಂಟಕಿ, ಟೆನೆಸ್ಸೀ ರಾಜ್ಯಗಳ ಕಡೆ 'ಅಮೆರಿಕನ್' ಅಂತ ತೋರಿಸ್ತಿದೆ, ಅವ್ರೆಲ್ಲ ಮೂಲನಿವಾಸಿಗಳಾ ಅಂತ ಕೇಳಿದ್ರಲ್ಲ, ಅಲ್ಲ ಸರ್. ಮೂಲನಿವಾಸಿಗಳ ಲೆಕ್ಕ ಮುಖ್ಯವಾಗಿ ಸೆನ್ಸಸ್ (ಜನಗಣತಿ) ಫಾರ್ಮಿನ ರೇಸ್ (ಜನಾಂಗ) ಪ್ರಶ್ನೇಲಿ ಬರತ್ತೆ. ಈ ಮ್ಯಾಪಿನ ಹಿಂದಿರೋ ಪ್ರಶ್ನೆ ಬೇರೆ, ನಿಮ್ಮ ಪೂರ್ವಜರ ಮೂಲ ಯಾವ್ದು ಅಂತ ಕೇಳಿ ಖಾಲಿ ಜಾಗ ಬಿಟ್ಟಿರ್ತಾರೆ, ಜನ ಏನ್ ಬರೀತಾರೋ ಅದೇ ಲೆಕ್ಕ, ಯಾರೂ ವಂಶವೃಕ್ಷ ಕೆದಕಲ್ಲ. ಆ ಗುಡ್ಡಗಾಡಿಗೆ ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಮೂಲದೋರು 18ನೇ ಶತಮಾನದಲ್ಲೇ ಬಂದು ಸೇರ್ಕೊಂಡ್ರು, ಈಗಿನ ಎಷ್ಟೋ ಜನಕ್ಕೆ ಅಜ್ಜನ ಅಜ್ಜ ಎಲ್ಲಿಯವ್ನು ಅಂತಾನೇ ಗೊತ್ತಿಲ್ಲ, ಸೋ 'ಅಮೆರಿಕನ್' ಅಂತ ಗೀಚಿ ಮುಗಿಸ್ತಾರೆ. 2000ನೇ ಇಸ್ವಿ ಸೆನ್ಸಸ್ಸಲ್ಲಿ ಹೀಗೆ ಬರೆದೋರೇ ಸುಮಾರು 2 ಕೋಟಿ! ಫಾರ್ಮಲ್ಲಿ ಕೊಡೋ ಉದಾಹರಣೆಗಳೂ ಆಟ ಆಡ್ತವೆ, ಕೆನಡಾದಲ್ಲಿ 1996ರಲ್ಲಿ ಆ ಲಿಸ್ಟಿಗೆ 'ಕೆನಡಿಯನ್' ಸೇರಿಸಿದ್ರು ನೋಡಿ, ತಮ್ಮ ಮೂಲ 'ಕೆನಡಿಯನ್' ಅಂತ ಬರೆದೋರು 1991ರಲ್ಲಿ 4% ಇದ್ದಿದ್ದು ಸೀದಾ 31% ಆಗೋಯ್ತು.